ಕಾಗದದ ಹಿಂಬದಿಯ ಚಿತ್ರ

ತನ್ನ ರೂಪವನ್ನು ತಾನೇ ಬರೆದು, ಬರೆದುದನ್ನು ಕುಣಿದು ತೋರಿದ ಅಮೆರಿಕದ ನರ್ತಕಿ ಅನ್ನಾ ಹಾಲ್‌ಪ್ರಿನ್ ವೃತ್ತಾಂತ

೧೯೭೨ನೆಯ ಇಸವಿಯ ಮಾತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಐವತ್ತರ ಗಡಿ ದಾಟಿದ್ದ ನೃತ್ಯಶಿಕ್ಷಕಿಯೊಬ್ಬಳು ತನ್ನ ವಿದ್ಯಾರ್ಥಿಗಳ ಜೊತೆಯಲ್ಲಿ ಕುಳಿತು ತನ್ನದೇ ಚಿತ್ರವನ್ನು ಬರೆಯುತ್ತಿದ್ದಳು. ಅದು ಚಿತ್ರಕಲೆಯ ತರಗತಿಯಲ್ಲ. ಕೈಗೆ ಬಂದ ಬಣ್ಣದ ಕಡ್ಡಿಯಿಂದ, ಮನಸ್ಸಿಗೆ ತೋರಿದಂತೆ, ತನ್ನ ಶರೀರವನ್ನು ತಾನು ಬರೆಯುವುದು; ಅನಂತರ ಎದ್ದು ನಿಂತು ಆ ಚಿತ್ರವನ್ನು ಕುಣಿಯುವುದು. ಇದು ಆ ತರಗತಿಯ ಕಟ್ಟಳೆ. ಶಿಷ್ಯರಿಗೆ ಇದ್ದ ಕಟ್ಟಳೆ ಗುರುವಿಗೂ ಇತ್ತು.

ಬರೆದು ಮುಗಿಸಿ ನೋಡಿಕೊಂಡಾಗ ಆಕೆಯ ಚಿತ್ರದಲ್ಲಿ ಒಂದು ವಿಚಿತ್ರ ಕಂಡಿತು. ಕಿಬ್ಬೊಟ್ಟೆಯ ಜಾಗದಲ್ಲಿ ಬೂದುಬಣ್ಣದ ಒಂದು ಉಂಡೆ. ಅದನ್ನು ಬರೆಯಬೇಕೆಂದು ಆಕೆ ಯೋಚಿಸಿರಲಿಲ್ಲ. ಕೈ ತಾನಾಗಿ ಬರೆದಿತ್ತು. ಮೊದಲು ಆಕೆ ಅದಕ್ಕೊಂದು ಶುಭವಾದ ಅರ್ಥವನ್ನೇ ಹಚ್ಚಲು ನೋಡಿದಳು. ಅದು ಗರ್ಭಸ್ಥ ಶಿಶುವಿನಂತಿದೆ, ಹೊಸದೇನೋ ಹುಟ್ಟಲಿರುವುದರ ಸೂಚನೆಯಾಗಿರಬಹುದು ಎಂದುಕೊಂಡಳು. ಆದರೆ ಚಿತ್ರವನ್ನು ಕುಣಿಯಬೇಕಾಗಿ ಬಂದಾಗ ಕಾಲು ಏಳಲಿಲ್ಲ. ಎಷ್ಟೋ ವರ್ಷಗಳಿಂದ ಯಾವುದಕ್ಕೂ ಹಿಂಜರಿಯದೆ ಕುಣಿದಿದ್ದ ಶರೀರ ಈ ಒಂದು ಚಿತ್ರವನ್ನು ಕುಣಿಯಲು ಒಪ್ಪಲಿಲ್ಲ. ಮನಸ್ಸು ಹೇಳಿದ ಸಮಾಧಾನವನ್ನು ಕಾಲು ನಂಬಲಿಲ್ಲವೆಂದೇ ಹೇಳಬೇಕು.

ಆಕೆ ವೈದ್ಯರಲ್ಲಿಗೆ ಹೋದಳು. ಚಿತ್ರದಲ್ಲಿ ಉಂಡೆಯನ್ನು ಬರೆದಿದ್ದ ಜಾಗವನ್ನೇ ಪರೀಕ್ಷಿಸುವಂತೆ ಕೇಳಿಕೊಂಡಳು. ದೊಡ್ಡ ಕರುಳಿನ ಭಾಗದಲ್ಲಿ ಗೆಡ್ಡೆಯೊಂದು ಪತ್ತೆಯಾಯಿತು. ಅದು ಅರ್ಬುದ ರೋಗ, ಕ್ಯಾನ್ಸರ್.

ಆಕೆಯ ಹೆಸರು ಅನ್ನಾ ಹಾಲ್‌ಪ್ರಿನ್.

ಅಜ್ಜನ ಕುಣಿತ, ಅಸ್ಥಿಪಂಜರದ ಪಾಠ

ಅನ್ನಾ ಹುಟ್ಟಿದ್ದು ೧೯೨೦ರ ಜುಲೈ ತಿಂಗಳಲ್ಲಿ, ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ನಗರದ ಹೊರವಲಯದ ಒಂದು ಯೆಹೂದಿ ಕುಟುಂಬದಲ್ಲಿ. ಅಜ್ಜ ಹಸೀದ್ ಪಂಥದವನು. ಆ ಪಂಥದ ಭಕ್ತರು ಪ್ರಾರ್ಥನೆಯ ಸಮಯದಲ್ಲಿ ಹಾಡುತ್ತ, ಕೈಯೆತ್ತಿ, ಕುಣಿಯುತ್ತ ಮೈಮರೆಯುವುದುಂಟು. ನಮ್ಮ ಹರಿದಾಸರ ಭಜನೆಯನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ನೀಳ ಗಡ್ಡದ ಅಜ್ಜ ಹೀಗೆ ಕುಣಿಯುತ್ತಿದ್ದುದನ್ನು ನೋಡಿದ ಪುಟ್ಟ ಹುಡುಗಿಗೆ, ದೇವರೇ ಕುಣಿಯುತ್ತಿದ್ದಾನೆ ಎನಿಸಿತಂತೆ. ಅಜ್ಜನಿಗೆ ಆ ಕುಣಿತ ಎಷ್ಟು ಅರ್ಥಪೂರ್ಣವಾಗಿತ್ತೋ ಅಷ್ಟೇ ಅರ್ಥಪೂರ್ಣವಾದ ಒಂದು ನೃತ್ಯವನ್ನು ಹುಡುಕುವುದರಲ್ಲಿಯೇ ತನ್ನ ಆಯುಷ್ಯವೆಲ್ಲ ಕಳೆಯಿತೆಂದು ಆಕೆ ಮುಪ್ಪಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಕೆಗೆ ದೊರೆತ ಗುರು ಮಾರ್ಗರೆಟ್ ಡೂಬ್ಲರ್. ಈ ಗುರು ನರ್ತಕಿಯಲ್ಲ, ಜೀವಶಾಸ್ತ್ರವನ್ನು ಓದಿದವಳು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನೃತ್ಯವನ್ನೇ ಮುಖ್ಯ ವಿಷಯವಾಗಿ ಓದುವ ಪದವಿ ತರಗತಿಯನ್ನು ೧೯೨೬ರಲ್ಲಿ ಮೊಟ್ಟಮೊದಲಿಗೆ ಏರ್ಪಡಿಸಿದ ಕೀರ್ತಿ ಆಕೆಯದು. ತರಗತಿಯಲ್ಲಿ ಆಕೆ ಕುಣಿದು ತೋರಿಸುತ್ತಿರಲಿಲ್ಲ. ಮನುಷ್ಯನ ಅಸ್ಥಿಪಂಜರವನ್ನು ಮುಂದಿಟ್ಟುಕೊಂಡು, ಈ ಕೀಲು ಎತ್ತ ಹೊರಳುತ್ತದೆ, ಈ ಮೂಳೆ ಯಾವುದಕ್ಕೆ ಆತುಕೊಂಡಿದೆ ಎಂದು ವಿವರಿಸಿ, ಇನ್ನು ನೀವೇ ಕಂಡುಕೊಳ್ಳಿ ಎಂದು ಶಿಷ್ಯೆಯರನ್ನು ಬಿಟ್ಟುಬಿಡುತ್ತಿದ್ದಳು. ಗುರುವಿನ ಹೆಜ್ಜೆಯನ್ನು ಅನುಕರಿಸುವ ಅಭ್ಯಾಸ ಅನ್ನಾಳಿಗೆ ಹತ್ತದೇ ಹೋದದ್ದು ಹೀಗೆ.

ವಿಶ್ವವಿದ್ಯಾಲಯದಲ್ಲಿಯೇ ಪರಿಚಯವಾದ ಲಾರೆನ್ಸ್ ಹಾಲ್‌ಪ್ರಿನ್ ಎಂಬ ತರುಣನನ್ನು ಆಕೆ ೧೯೪೦ರಲ್ಲಿ ಮದುವೆಯಾದಳು. ಮುಂದೆ ಆತ ಉದ್ಯಾನ, ಚೌಕ, ಬಯಲುಗಳ ವಿನ್ಯಾಸದಲ್ಲಿ ದೇಶವಿಖ್ಯಾತನಾದ. ವಾಷಿಂಗ್ಟನ್ ನಗರದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಸ್ಮಾರಕ ಆತನ ಕಲ್ಪನೆಯದೇ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಆತನ ಹಡಗಿನ ಮೇಲೆ ಜಪಾನಿ ಆತ್ಮಾಹುತಿ ವಿಮಾನವೊಂದು ಎರಗಿತು. ಬದುಕಿ ಉಳಿದ ಲಾರೆನ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಲ್ಲಿಯೇ ನೆಲೆಸಿದ. ನ್ಯೂಯಾರ್ಕಿನ ರಂಗಭೂಮಿಯತ್ತ ಮುಖಮಾಡಿದ್ದ ಅನ್ನಾಳ ಬಾಳು ಪಶ್ಚಿಮ ಕರಾವಳಿಗೆ ತಿರುಗಿದುದು ಈ ಕಾರಣದಿಂದ.

ಟಮಾಲ್ಪಯಸ್ ಎಂಬ ಬೆಟ್ಟದ ಮಗ್ಗುಲಲ್ಲಿ, ಕೆಂಟ್‌ಫೀಲ್ಡ್ ಎಂಬ ಊರಿನಲ್ಲಿ ಅವರ ಮನೆ. ಮನೆಯ ಕೆಳಗಿನ ಇಳಿಜಾರಿನಲ್ಲಿ, ಮುಗಿಲೆತ್ತರದ ರೆಡ್‌ವುಡ್ ಮರಗಳ ನಡುವೆ, ೧೯೫೪ರ ಸುಮಾರಿಗೆ ಲಾರೆನ್ಸ್ ಹೆಂಡತಿಗಾಗಿ ಹಲಗೆಯ ದೊಡ್ಡದೊಂದು ಜಗಲಿಯನ್ನು ಕಟ್ಟಿಸಿದ. ಅದಕ್ಕೆ ಗೋಡೆಯಿಲ್ಲ, ಸೂರಿಲ್ಲ, ಚೌಕಾಕಾರವೂ ಇಲ್ಲ. ಅಲ್ಲಿದ್ದ ಮರಗಳನ್ನು ಕಡಿಯದೆ ಅವುಗಳನ್ನು ಬಳಸಿಕೊಂಡು ಹೋಗುವ ಅಂಕುಡೊಂಕಾದ ನೆಲ. ಇಬ್ಬರು ಹೆಣ್ಣುಮಕ್ಕಳ ತಾಯಿ ಮನೆಗೆಲಸಕ್ಕೂ ಕಲೆಗೂ ನಡುವೆ ಊರಿಂದೂರಿಗೆ ಓಡಾಡುವ ತೊಂದರೆ ತಪ್ಪಲಿ ಎಂಬುದೂ ಅದರ ಒಂದು ಉದ್ದೇಶ. ಮಳೆ, ಮಂಜು, ಬಿಸಿಲು, ಉದುರುವ ಎಲೆ ಇವೆಲ್ಲ ಅಲ್ಲಿ ಪಾಠದ ಭಾಗವೇ. ೧೯೬೦ರ ಬೇಸಗೆಯಲ್ಲಿ ಅಲ್ಲಿಗೆ ಬಂದು ಕಲಿತವರಲ್ಲಿ ಟ್ರಿಷಾ ಬ್ರೌನ್, ಇವಾನ್ ರೈನರ್, ಸಿಮೋನ್ ಫೋರ್ಟಿ ಮೊದಲಾದವರಿದ್ದರು. ಅಮೆರಿಕದ ನೃತ್ಯಕಲೆಯ ದಿಕ್ಕನ್ನೇ ಮುಂದೆ ಬದಲಿಸಿದವರು ಇವರು. ನಡೆಯುವುದು, ಕೂರುವುದು, ಬಟ್ಟೆ ತೊಡುವುದು, ಭಾರ ಹೊರುವುದು ಇಂತಹ ದಿನನಿತ್ಯದ ಚಲನೆಗಳೂ ನೃತ್ಯವಾಗಬಲ್ಲವು ಎಂಬ ಪಾಠವನ್ನು ಅವರು ಆ ಜಗಲಿಯಿಂದ ಹೊತ್ತೊಯ್ದರು.

ಅನ್ನಾ ವಿವಾದಗಳಿಗೆ ಹೆದರುವವಳಾಗಿರಲಿಲ್ಲ. ೧೯೬೭ರಲ್ಲಿ ನ್ಯೂಯಾರ್ಕಿನಲ್ಲಿ ನರ್ತಕರು ವಿವಸ್ತ್ರರಾಗಿ ಕಾಣಿಸಿಕೊಂಡ ಆಕೆಯ ಒಂದು ಪ್ರಯೋಗ ಪೊಲೀಸರ ವಾರಂಟನ್ನೇ ತಂದಿತು. ೧೯೬೯ರಲ್ಲಿ, ಲಾಸ್ ಏಂಜಲೀಸಿನ ವಾಟ್ಸ್ ಮೊಹಲ್ಲೆಯ ಕಪ್ಪು ಜನಾಂಗದ ಯುವಕ ಯುವತಿಯರನ್ನೂ ಸ್ಯಾನ್ ಫ್ರಾನ್ಸಿಸ್ಕೊದ ಬಿಳಿಯರನ್ನೂ ತಿಂಗಳುಗಟ್ಟಲೆ ಒಟ್ಟಿಗೆ ದುಡಿಸಿ ಒಂದು ರಂಗಪ್ರಯೋಗವನ್ನು ಸಿದ್ಧಪಡಿಸಿದಳು. ನಾಲ್ಕು ವರ್ಷಗಳ ಹಿಂದೆ ಅದೇ ವಾಟ್ಸ್‌ನಲ್ಲಿ ಭೀಕರ ಗಲಭೆ ನಡೆದಿತ್ತು. ಇಷ್ಟೆಲ್ಲ ಆದರೂ, ಆಕೆಯ ಹೆಸರು ರಂಗಮಂದಿರವನ್ನು ದಾಟಿ ಆಸ್ಪತ್ರೆಗಳವರೆಗೂ ಹಬ್ಬಿದುದು ಆ ಬೂದುಬಣ್ಣದ ಉಂಡೆಯಿಂದ.

ಕನ್ನಡಿಯಲ್ಲಿ ಕಾಣದ್ದು

ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುವುದು ಕಲಾವಿದರಿಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ತಾರುಣ್ಯದಿಂದ ವೃದ್ಧಾಪ್ಯದವರೆಗೆ ತನ್ನ ಮುಖವನ್ನು ಹತ್ತಾರು ಬಾರಿ ಬರೆದ. ಮೆಕ್ಸಿಕೊ ದೇಶದ ಫ್ರೀಡಾ ಕಾಲೊ ೧೯೨೫ರಲ್ಲಿ ಬಸ್ಸಿನ ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದಾಗ, ಮನೆಯವರು ಮಂಚದ ಮೇಲ್ಗಡೆ ಕನ್ನಡಿಯೊಂದನ್ನು ಕಟ್ಟಿಸಿಕೊಟ್ಟರು. ಮಲಗಿದ್ದಲ್ಲಿಂದಲೇ ಆಕೆ ತನ್ನನ್ನು ಬರೆಯತೊಡಗಿದಳು. ಮುರಿದ ಬೆನ್ನೆಲುಬು, ಚುಚ್ಚಿದ ಮೊಳೆ, ರಕ್ತ ಎಲ್ಲವೂ ಆಕೆಯ ಚಿತ್ರಗಳಲ್ಲಿ ಬಂದವು.

ಅನ್ನಾಳ ತರಗತಿಯಲ್ಲಿ ಕನ್ನಡಿಗೆ ಸ್ಥಾನವಿರಲಿಲ್ಲ. ಕನ್ನಡಿ ತೋರುವುದು ಹೊರಗಿನವರು ನೋಡುವ ಮುಖವನ್ನು. ಒಳಗಿನಿಂದ ಶರೀರ ಹೇಗೆ ಅನಿಸುತ್ತದೆ ಎಂಬುದು ಬೇರೆಯ ಪ್ರಶ್ನೆ. ತಲೆ ಭಾರವೋ ಹಗುರವೋ, ಭುಜದಲ್ಲಿ ಏನು ಕುಳಿತಿದೆ, ಎದೆಯೊಳಗಿನ ಬಣ್ಣ ಯಾವುದು, ಪಾದ ನೆಲದ ಮೇಲಿದೆಯೋ ಗಾಳಿಯಲ್ಲಿದೆಯೋ? ಮೊದಲು ಆಯಾ ಅಂಗವನ್ನು ಆಡಿಸಿ ನೋಡುವುದು, ಅನಂತರ ಅದರ ಚಿತ್ರ ಬರೆಯುವುದು, ಆ ಚಿತ್ರವನ್ನು ಮತ್ತೆ ಚಲನೆಗೆ ತಿರುಗಿಸುವುದು, ಕಡೆಗೆ ನಾಲ್ಕು ಸಾಲು ಬರೆಯುವುದು. ಹೀಗೆ ತಲೆಯಿಂದ ಪಾದದವರೆಗೆ ಒಂದೊಂದೇ ಅಂಗವನ್ನು ಮುಗಿಸಿದ ಮೇಲೆ, ಆಳೆತ್ತರದ ಕಾಗದದ ಮೇಲೆ ಪೂರ್ಣರೂಪದ ಆತ್ಮಚಿತ್ರ. ಚಿತ್ರ ಚೆನ್ನಾಗಿದೆಯೇ, ಹೋಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಡ್ರಾಯಿಂಗ್ ಮೇಷ್ಟರಿಂದ ಬೈಸಿಕೊಂಡವರಿಗೆ ಇದೊಂದು ದೊಡ್ಡ ಸಮಾಧಾನ!

ಈ ಪದ್ಧತಿಯಲ್ಲಿ ಮನಶ್ಶಾಸ್ತ್ರದ ಋಣವೂ ಇದೆ. ಗೆಸ್ಟಾಲ್ಟ್ ಚಿಕಿತ್ಸೆಯ ಪ್ರವರ್ತಕನಾದ ಫ್ರಿಟ್ಸ್ ಪರ್ಲ್ಸ್ ಅರವತ್ತರ ದಶಕದಲ್ಲಿ ಅನ್ನಾಳ ತಂಡದೊಡನೆ ಕೆಲಸ ಮಾಡಿದ್ದ. ಕನಸನ್ನು ವಿವರಿಸಬೇಡಿ, ಕನಸಿನಲ್ಲಿ ಕಂಡ ಬಾಗಿಲೇ ಆಗಿ, ಕುದುರೆಯೇ ಆಗಿ ಮಾತಾಡಿ ಎನ್ನುವುದು ಆತನ ಕ್ರಮ. ಅನ್ನಾ ಅದನ್ನು ಚಿತ್ರಕ್ಕೆ ಅನ್ವಯಿಸಿದಳು. ಚಿತ್ರದಲ್ಲಿ ಎದೆಯ ಮೇಲೊಂದು ಕಲ್ಲು ಬಂದಿದ್ದರೆ, ಇದು ಏತರ ಸಂಕೇತ ಎಂದು ವಾದಿಸುತ್ತ ಕೂರುವುದು ಬೇಡ. ಎದ್ದು ಆ ಕಲ್ಲಾಗಿ ನಿಲ್ಲಬೇಕು, ಕಲ್ಲಾಗಿ ಉಸಿರಾಡಬೇಕು. ಭರತನಾಟ್ಯದ ಅಭಿನಯವನ್ನು ಬಲ್ಲ ನಮ್ಮ ಓದುಗರಿಗೆ ಇಲ್ಲಿರುವ ವ್ಯತ್ಯಾಸ ಸುಲಭವಾಗಿ ಹೊಳೆದೀತು. ಅಲ್ಲಿ ನರ್ತಕಿ ವಿರಹಿಣಿಯ, ಖಂಡಿತೆಯ ಭಾವವನ್ನು ತಾಳಿ ಪ್ರೇಕ್ಷಕರಲ್ಲಿ ರಸವನ್ನು ಉಂಟುಮಾಡುತ್ತಾಳೆ. ತನ್ನ ಸ್ವಂತದ ಅಳಲನ್ನು ರಂಗದ ಹೊರಗೆ ಬಿಟ್ಟುಬಂದಿರುತ್ತಾಳೆ. ಇಲ್ಲಿ ಆ ಸ್ವಂತದ ಅಳಲೇ ವಸ್ತು. ಕಲೆಯ ದೃಷ್ಟಿಯಿಂದ ಯಾವುದು ಮೇಲು ಎಂಬ ತರ್ಕಕ್ಕೆ ಇಲ್ಲಿ ಕಾರಣವಿಲ್ಲ. ಎರಡರ ಪ್ರಯೋಜನ ಬೇರೆಬೇರೆ.

ಮುಂಬದಿ, ಹಿಂಬದಿ

೧೯೭೨ರಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಶರೀರದ ಸ್ವರೂಪವನ್ನೇ ಬದಲಿಸಿದ ದೊಡ್ಡ ಶಸ್ತ್ರಚಿಕಿತ್ಸೆ ಅದು. ಐದು ವರ್ಷ ರೋಗ ಮರುಕಳಿಸದಿದ್ದರೆ ಗಂಡಾಂತರ ಕಳೆದಂತೆ ಎಂದು ವೈದ್ಯರು ಹೇಳಿದರು. ಮತ್ತೆ ಕುಣಿಯುವುದು ಸಾಧ್ಯವೇ ಎಂಬ ಸಂಶಯದೊಡನೆ ಆಕೆ ಮನೆಗೆ ಮರಳಿದಳು. ಶರೀರವೇ ಉಪಕರಣವಾಗಿರುವ ನರ್ತಕಿಗೆ ಈ ಸಂಶಯ ಎಂತಹುದೆಂದು ಬೇರೆಯವರು ಊಹಿಸುವುದು ಕಷ್ಟ.

ಐದು ವರ್ಷ ಕಳೆಯಲಿಲ್ಲ. ಮೂರನೆಯ ವರ್ಷದಲ್ಲಿಯೇ, ಎಂದರೆ ೧೯೭೫ರಲ್ಲಿ, ರೋಗ ಮತ್ತೆ ತಲೆಯೆತ್ತಿತು.

ಈ ಸಲ ಆಕೆ ದೊಡ್ಡದೊಂದು ಕಾಗದದ ಮೇಲೆ ತನ್ನ ಆಳೆತ್ತರದ ಚಿತ್ರವನ್ನು ಬರೆದಳು. ಯೌವನದಿಂದ ತುಂಬಿ ತುಳುಕುವ, ಆರೋಗ್ಯದ ಕಳೆ ಸೂಸುವ, ಎಲ್ಲ ಬಣ್ಣಗಳಿಂದ ಬೆಳಗುವ ಹೆಣ್ಣು. ತಾನು ಹೇಗಾಗಬೇಕೆಂದು ಹಂಬಲಿಸುತ್ತಿದ್ದಳೋ ಹಾಗೆ ಬರೆದಿದ್ದಳು. ಇನ್ನು ಕುಣಿಯಬೇಕು. ಎದ್ದು ನಿಂತರೆ, ಮತ್ತೆ ಅದೇ ಅನುಭವ, ಹೆಜ್ಜೆ ಏಳಲೊಲ್ಲದು. ಈ ಚಿತ್ರದಲ್ಲಿ ಅಮಂಗಳವಾದುದು ಏನೂ ಇರಲಿಲ್ಲ. ಆದರೂ ಕುಣಿಯಹೋದರೆ ಸುಳ್ಳು ಹೇಳಿದಂತಾಗುತ್ತಿತ್ತು.

ಆಗ ಆಕೆ ಕಾಗದವನ್ನು ಮಗುಚಿ ಹಾಕಿದಳು. ಹಿಂಬದಿಯ ಮೇಲೆ, ಯೋಚನೆಗೆ ಎಡೆಗೊಡದೆ, ರಭಸದಿಂದ ಇನ್ನೊಂದು ಚಿತ್ರವನ್ನು ಗೀಚಿದಳು. ಅದು ಕಪ್ಪು ಚಿತ್ರ. ಮೂಲೆಮೂಲೆಯಾದ, ಮೊನಚಾದ ರೇಖೆಗಳ, ಕ್ರೋಧ ಹಿಂಸೆಗಳೇ ಮೈವೆತ್ತ ಚಿತ್ರ. ಬರೆದು ಮುಗಿಸಿದೊಡನೆ ಆಕೆಗೆ ತಿಳಿಯಿತು, ಮೊದಲು ಕುಣಿಯಬೇಕಾದುದು ಇದನ್ನೇ ಎಂದು.

ಗಂಡ, ಬಂಧುಗಳು, ಸ್ನೇಹಿತರು, ಶಿಷ್ಯರು ಇವರನ್ನೆಲ್ಲ ಕರೆದು ಕುಳ್ಳಿರಿಸಿದಳು. ಅವರು ಬಂದುದು ಪ್ರೇಕ್ಷಕರಾಗಿ ಅಲ್ಲ, ಸಾಕ್ಷಿಗಳಾಗಿ ಎಂದು ಆಕೆಯ ಮಾತು. ಒಂಟಿಯಾಗಿದ್ದರೆ ನಡುವೆಯೇ ಕೈಬಿಟ್ಟು ಓಡಿಹೋದೇನೆಂಬ ಅಂಜಿಕೆ ಆಕೆಗಿತ್ತು. ನೆಟ್ಟ ಕಣ್ಣುಗಳ ಮುಂದೆ ಓಡಿಹೋಗುವಂತಿಲ್ಲ. ಹಿಂಬದಿಯ ಚಿತ್ರದ ಮುಂದೆ ನಿಂತು ಆಕೆ ಕುಣಿಯತೊಡಗಿದಳು. ಕುಣಿತ ಎನ್ನುವುದಕ್ಕಿಂತ ಕಾಳಗ ಎನ್ನಬೇಕು. ಕೂಗಿದಳು, ಚೀರಿದಳು, ನೆಲವನ್ನು ಒದ್ದಳು, ಹಲ್ಲು ಕಡಿದಳು. ಲಾವಣ್ಯದ ಸೋಂಕೂ ಅದರಲ್ಲಿರಲಿಲ್ಲ. ಮೂರು ವರ್ಷ ಯಾರ ಮುಂದೆಯೂ ಆಡದೆ ನುಂಗಿಕೊಂಡಿದ್ದ ಭಯ, ಸಿಟ್ಟು, ಸಾವಿನ ಮೇಲಿನ ದ್ವೇಷ ಎಲ್ಲವೂ ಹೊರಬಿದ್ದವು. ಕಡೆಗೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಸುತ್ತ ಕುಳಿತಿದ್ದವರ ಅವಸ್ಥೆಯೂ ಬೇರೆಯಾಗಿರಲಿಲ್ಲ.

ಆಮೇಲೆ ಕಾಗದವನ್ನು ಮತ್ತೆ ತಿರುಗಿಸಿದರು. ಮುಂಬದಿಯ ಹೆಣ್ಣು ಈಗಲೂ ಅಲ್ಲಿಯೇ ನಗುತ್ತಿದ್ದಳು. ಅನ್ನಾ ಎದ್ದು ನಿಂತು, ತನ್ನ ಉಸಿರನ್ನು ನೀರೆಂದು ಭಾವಿಸಿಕೊಂಡು, ಆ ನೀರು ಬೆಟ್ಟದಿಂದ ಇಳಿದು ಮೈಯೆಲ್ಲ ಹರಿದು ಸಮುದ್ರವನ್ನು ಸೇರುವಂತೆ ಮೆಲ್ಲಮೆಲ್ಲನೆ ಚಲಿಸಿದಳು. ಮೊದಲು ಸುಳ್ಳೆನಿಸಿದ್ದ ಚಿತ್ರವನ್ನು ಈಗ ಕುಣಿಯುವುದು ಸಾಧ್ಯವಾಯಿತು.

ಅನಂತರದ ದಿನಗಳಲ್ಲಿ ಆಕೆಯ ರೋಗ ಹಿಮ್ಮೆಟ್ಟಿತು. ಆಕೆ ಮತ್ತೆ ನಾಲ್ವತ್ತೈದು ವರ್ಷಕ್ಕೂ ಮೇಲ್ಪಟ್ಟು ಬದುಕಿದಳು.

ಕುಣಿತದಿಂದ ಕ್ಯಾನ್ಸರ್ ವಾಸಿಯಾಯಿತೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಯನ್ನು ಹೇಳುವವರಲ್ಲಿ ಅನೇಕರು ಇಲ್ಲಿ ನಿಲ್ಲದೆ ಮುಂದೆ ಓಡಿಬಿಡುತ್ತಾರೆ.

ಅನ್ನಾಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನು ಮರೆಯಬಾರದು. ಕೆಲವು ಗೆಡ್ಡೆಗಳು ವೈದ್ಯರಿಗೂ ತಿಳಿಯದ ಕಾರಣಗಳಿಂದ ಹಿಮ್ಮೆಟ್ಟುವುದುಂಟು ಎಂಬುದು ವೈದ್ಯಶಾಸ್ತ್ರದಲ್ಲಿ ದಾಖಲಾಗಿರುವ ಸಂಗತಿ. ತೀರ ಅಪರೂಪ, ಆದರೆ ಉಂಟು. ಒಬ್ಬಳ ಬಾಳಿನಲ್ಲಿ ಒಂದರ ಹಿಂದೆ ಒಂದು ನಡೆದುವೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವೆಂದು ತೀರ್ಮಾನಿಸಲಾಗದು. ಬೂದುಬಣ್ಣದ ಉಂಡೆಯ ವಿಷಯವೂ ಅಷ್ಟೆ. ಒಳಗಿನ ಅವಯವಗಳಿಂದ ಮಿದುಳಿಗೆ ನಿರಂತರವಾಗಿ ಸುದ್ದಿ ಹರಿಯುತ್ತಿರುತ್ತದೆ, ಅದರಲ್ಲಿ ಹೆಚ್ಚಿನದು ನಮ್ಮ ಅರಿವಿಗೆ ಬರುವುದಿಲ್ಲ; ಶರೀರವನ್ನು ಕಿವಿಗೊಟ್ಟು ಕೇಳುವುದನ್ನೇ ಜೀವನದ ವೃತ್ತಿಯಾಗಿಸಿಕೊಂಡವಳಿಗೆ ಆ ಪಿಸುಮಾತು ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಕೇವಲ ಕಾಕತಾಳೀಯವಾಗಿದ್ದರೂ ಆಶ್ಚರ್ಯವಿಲ್ಲ. ತಮ್ಮ ಚಿತ್ರದಲ್ಲಿ ಕಪ್ಪು ಮಚ್ಚೆ ಬರೆದವರೆಲ್ಲ ರೋಗಿಗಳಲ್ಲ. ನಿಷ್ಕಳಂಕವಾದ ಚಿತ್ರ ಬರೆದವರೆಲ್ಲ ನಿರೋಗಿಗಳೂ ಅಲ್ಲ. ಚಿತ್ರ ಬರೆದು ರೋಗ ಪತ್ತೆಹಚ್ಚುತ್ತೇವೆಂದು ಹಣ ಕೇಳುವವರು ಸಿಕ್ಕಿದರೆ ದೂರವಿರುವುದೇ ಲೇಸು.

ಈ ವಿಚಾರದಲ್ಲಿ ಅನ್ನಾ ತನ್ನ ಭಕ್ತರಿಗಿಂತ ವಿವೇಕಿ. ರೋಗವನ್ನು ನಿರ್ಮೂಲ ಮಾಡುವುದು ಬೇರೆ, ಮನುಷ್ಯ ಗುಣಹೊಂದುವುದು ಬೇರೆ ಎಂದು ಆಕೆ ಸ್ಪಷ್ಟವಾಗಿ ವಿಂಗಡಿಸುತ್ತಿದ್ದಳು. ಮೊದಲನೆಯದು ಶರೀರಕ್ಕೆ ಸಂಬಂಧಿಸಿದುದು. ಎರಡನೆಯದರಲ್ಲಿ ಶರೀರ, ಮನಸ್ಸು, ಭಾವನೆ, ಸುತ್ತಲಿನ ಜನ ಎಲ್ಲವೂ ಸೇರುತ್ತವೆ. ರೋಗ ವಾಸಿಯಾಗದೆ ಸಾಯುವವನೂ ಈ ಎರಡನೆಯ ಅರ್ಥದಲ್ಲಿ ಗುಣಹೊಂದಿ ಸಾಯಬಹುದು. ರೋಗ ವಾಸಿಯಾದವನು ಗುಣಹೊಂದದೆಯೇ ಉಳಿಯಲೂ ಬಹುದು.

ವಿಜ್ಞಾನದ ಸಾಕ್ಷ್ಯ ಏನು ಹೇಳುತ್ತದೆ? ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಕ್ಯಾನ್ಸರ್ ರೋಗಿಗಳಿಗೆ ನೃತ್ಯಚಿಕಿತ್ಸೆಯಿಂದ ಆಗುವ ಪ್ರಯೋಜನವನ್ನು ಕುರಿತು ೨೦೧೫ರಲ್ಲಿ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಪರಿಗಣನೆಗೆ ಯೋಗ್ಯವೆಂದು ದೊರೆತ ಅಧ್ಯಯನಗಳು ಮೂರೇ ಮೂರು. ಅವುಗಳಲ್ಲಿ ಭಾಗವಹಿಸಿದವರು ಒಟ್ಟು ೨೦೭ ಮಂದಿ. ಖಿನ್ನತೆ, ಆತಂಕ, ಬಳಲಿಕೆ ಇವುಗಳ ಮೇಲೆ ನಿಶ್ಚಿತವಾದ ಪರಿಣಾಮ ಕಂಡುಬರಲಿಲ್ಲ. ಬಾಳುವೆಯ ಗುಣಮಟ್ಟ ಮಾತ್ರ ಸುಧಾರಿಸಬಹುದೆಂಬ ಸೂಚನೆಗಳಿದ್ದವು. ಗೆಡ್ಡೆ ಕರಗುವ ಮಾತು ಅಲ್ಲಿ ಇಲ್ಲವೇ ಇಲ್ಲ.

ಹಾಗೆಂದು ನೃತ್ಯಕ್ಕೂ ಚಿಕಿತ್ಸೆಗೂ ನಂಟು ಹೊಸದೇನಲ್ಲ. ಮೇರಿಯನ್ ಚೇಸ್ ಎಂಬ ನರ್ತಕಿ ೧೯೪೨ರಲ್ಲಿಯೇ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸವನ್ನಾರಂಭಿಸಿದ್ದಳು. ಮಾತು ಬಿಟ್ಟು ಮೂಲೆ ಹಿಡಿದಿದ್ದ ರೋಗಿಗಳ ಎದುರು ನಿಂತು, ಅವರು ಕೈ ಆಡಿಸಿದಂತೆ ತಾನೂ ಆಡಿಸುತ್ತ, ಮಾತಿಲ್ಲದ ಒಂದು ಸಂಭಾಷಣೆಯನ್ನು ಹೂಡುವುದು ಆಕೆಯ ರೀತಿ. ಅಮೆರಿಕದ ನೃತ್ಯಚಿಕಿತ್ಸಕರ ಸಂಘ ೧೯೬೬ರಲ್ಲಿ ಸ್ಥಾಪಿತವಾದಾಗ ಆಕೆಯೇ ಅದರ ಪ್ರಥಮ ಅಧ್ಯಕ್ಷೆಯಾದಳು. ಅನ್ನಾ ಆಸ್ಪತ್ರೆಯ ಈ ಪರಂಪರೆಯವಳಲ್ಲ; ತನ್ನ ಕೆಲಸವನ್ನು ಕೊನೆಯವರೆಗೂ ಕಲೆಯೆಂದೇ ಕರೆದಳು.

ಐದು ಮೆಟ್ಟಿಲು

ತನಗೆ ಸಂಭವಿಸಿದುದನ್ನು ಅನ್ನಾ ಪವಾಡವೆಂದು ಬಿಟ್ಟುಬಿಡಲಿಲ್ಲ. ಆ ದಿನ ತಾನು ಏನು ಮಾಡಿದೆ, ಯಾವುದರ ಅನಂತರ ಯಾವುದು ಬಂದಿತು ಎಂದು ಹಿಂದಿರುಗಿ ನೋಡಿ, ಬೇರೆಯವರಿಗೂ ಒದಗುವಂತೆ ಐದು ಹಂತಗಳನ್ನು ಗುರುತಿಸಿದಳು. ಏನಾಗಿದೆ ಎಂಬುದನ್ನು ಮೊದಲು ಗುರುತಿಸಬೇಕು; ಎರಡನೆಯದಾಗಿ ಅದನ್ನು ಎದುರಿಸಬೇಕು; ಅನಂತರ ಬಿಡುಗಡೆ, ಆಮೇಲೆ ಬದಲಾವಣೆ, ಕಟ್ಟಕಡೆಗೆ ಬೆಳವಣಿಗೆ. ಎರಡನೆಯ ಮೆಟ್ಟಿಲನ್ನು ಹಾರಿ ಮೂರನೆಯದಕ್ಕೆ ಕಾಲಿಡಲು ಎಲ್ಲರಿಗೂ ಆಸೆ. ಮುಂಬದಿಯ ಚಂದದ ಚಿತ್ರವನ್ನು ಮೊದಲು ಬರೆದಾಗ ಆಕೆ ಮಾಡಹೊರಟದ್ದೂ ಅದನ್ನೇ.

ಹಿರಿಯ ಮಗಳು ಡಾರಿಯಾ ತಾರುಣ್ಯದಲ್ಲಿ ಸಿನಿಮಾ ನಟಿಯಾಗಿದ್ದಳು; ಇಟಲಿಯ ನಿರ್ದೇಶಕ ಆಂತೊನಿಯೊನಿಯ ೧೯೭೦ರ ಚಿತ್ರವೊಂದರ ನಾಯಿಕೆ ಆಕೆಯೇ. ಚಿತ್ರರಂಗವನ್ನು ಬಿಟ್ಟು ಬಂದು ತಾಯಿಯೊಡನೆ ೧೯೭೮ರಲ್ಲಿ ಟಮಾಲ್ಪ ಎಂಬ ಶಿಕ್ಷಣಸಂಸ್ಥೆಯನ್ನು ಕಟ್ಟಿದಳು. ಚಲನೆ, ಚಿತ್ರ, ಬರಹ ಈ ಮೂರನ್ನೂ ಹೆಣೆದು ಕಲಿಸುವ ಕ್ರಮಕ್ಕೆ ಶಾಸ್ತ್ರೀಯವಾದ ಅಡಿಪಾಯ ಒದಗಿಸಿದವಳು ಈ ಮಗಳು.

ತರಗತಿಗೆ ಬರುವವರೆಲ್ಲ ರೋಗಿಗಳಲ್ಲ. ಗಂಡನನ್ನು ಕಳೆದುಕೊಂಡವರು, ಮಕ್ಕಳು ಮನೆ ಬಿಟ್ಟುಹೋದ ಮೇಲೆ ಮನೆಯಲ್ಲಿ ತನಗೇನು ಕೆಲಸವೆಂದು ತೋಚದ ತಾಯಂದಿರು, ಕೋಪ ಬಂದರೂ ಬಂದಿಲ್ಲವೆಂದು ತಮಗೆ ತಾವೇ ಹೇಳಿಕೊಳ್ಳುವವರು, ಇಂತಹವರಿಗೂ ಕಾಗದದ ಹಿಂಬದಿಯೊಂದು ಇದ್ದೇ ಇರುತ್ತದಷ್ಟೆ. ನಗುಮುಖದಿಂದ ಎಲ್ಲರನ್ನೂ ಸಂಭಾಳಿಸುವ ಗೃಹಿಣಿ ತನ್ನ ಚಿತ್ರಕ್ಕೆ ಬಾಯನ್ನೇ ಬರೆಯದೆ ಮರೆತಿದ್ದರೆ, ಪಕ್ಕದಲ್ಲಿರುವವರು ಅದರ ಅರ್ಥವನ್ನು ವಿವರಿಸಹೋಗಬೇಕಾಗಿಲ್ಲ. ಆಕೆಗೇ ಅದು ಕಾಣುತ್ತದೆ. ಕಂಡದ್ದನ್ನು ಮಾತಿನಲ್ಲಿ ಹೇಳಲು ನಾಚಿಕೆಯಾದರೂ ಕೈಕಾಲುಗಳಿಂದ ಹೇಳುವುದು ಅಷ್ಟು ಕಷ್ಟವಾಗದು.

ಇದನ್ನು ಮನೆಯಲ್ಲಿ ಮಾಡಬಹುದೇ? ದೊಡ್ಡ ಕಾಗದ, ಮಕ್ಕಳ ಬಣ್ಣದ ಪೆಟ್ಟಿಗೆ, ಬಾಗಿಲು ಹಾಕಿದ ಒಂದು ಕೋಣೆ ಇಷ್ಟರಿಂದ ಬರೆದು ನೋಡುವುದಕ್ಕೆ ಅಡ್ಡಿಯೇನಿಲ್ಲ. ಆದರೆ ಹಿಂಬದಿಯ ಚಿತ್ರವನ್ನು ಕುಣಿಯುವ ಮಾತು ಬೇರೆ. ತೀವ್ರವಾದ ಖಿನ್ನತೆ ಅಥವಾ ಮಾನಸಿಕ ವ್ಯಾಧಿಯಿಂದ ನರಳುವವರು ತರಬೇತಾದ ಚಿಕಿತ್ಸಕರಿಲ್ಲದೆ ಇದಕ್ಕೆ ಕೈಹಾಕುವುದು ಕ್ಷೇಮವಲ್ಲ. ಇನ್ನುಳಿದವರಿಗೂ ನೆಚ್ಚಿನ ಸಾಕ್ಷಿಯೊಬ್ಬರು ಬಳಿಯಲ್ಲಿರಬೇಕು. ನೋಡಿದ್ದನ್ನು ನೆರೆಮನೆಗೆ ಒಯ್ಯದವರಾಗಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ.

ಬೆಟ್ಟ, ಆಸ್ಪತ್ರೆ, ತೂಗುಕುರ್ಚಿ

೧೯೭೫ರ ಅನಂತರ ಅನ್ನಾ ರಂಗದ ಮೇಲಿನ ಕೀರ್ತಿಯ ಕಡೆ ಬಹುಕಾಲ ತಿರುಗಿ ನೋಡಲಿಲ್ಲ. ತನ್ನೊಬ್ಬಳ ಚಿತ್ರದಿಂದ ಆದುದು ಒಂದು ಊರಿನ ಚಿತ್ರದಿಂದ ಆಗಬಾರದೇಕೆ ಎಂಬ ಪ್ರಶ್ನೆ ಆಕೆಯನ್ನು ಹಿಡಿಯಿತು.

ಮನೆಯ ಹಿಂದಿನ ಟಮಾಲ್ಪಯಸ್ ಬೆಟ್ಟದ ಕಾಲುದಾರಿಗಳಲ್ಲಿ ೧೯೭೯ರಿಂದ ಮೊದಲ್ಗೊಂಡು ಒಂದರ ಮೇಲೊಂದು ಕೊಲೆಗಳಾದವು. ಸತ್ತವರು ಬಹುತೇಕ ಹೆಂಗಸರು. ಜನ ಬೆಟ್ಟಕ್ಕೆ ಹೋಗುವುದನ್ನೇ ಬಿಟ್ಟರು. ಆ ಸಮಯದಲ್ಲಿ ಅನ್ನಾ ಮತ್ತು ಲಾರೆನ್ಸ್ ನಡೆಸುತ್ತಿದ್ದ ಶಿಬಿರದಲ್ಲಿ ಊರಿನವರು ಬರೆದ ಚಿತ್ರಗಳಲ್ಲಿ ಮತ್ತೆ ಮತ್ತೆ ಬೆಟ್ಟವೇ ಕಾಣಿಸಿಕೊಳ್ಳತೊಡಗಿತು. ೧೯೮೧ರ ವಸಂತಕಾಲದಲ್ಲಿ ಅವರೆಲ್ಲ ಸೇರಿ ಆ ಭಯವನ್ನು ಕುಣಿದರು. ಮುಚ್ಚಿದ್ದ ದಾರಿಗಳಲ್ಲಿ ಬೆಟ್ಟದ ಮೇಲಿನಿಂದ ನಡೆದು ಬಂದರು. ಕೆಲವೇ ವಾರಗಳಲ್ಲಿ ಕೊಲೆಗಾರ ಪೊಲೀಸರ ಕೈಗೆ ಸಿಕ್ಕಿದ. ಸಿಕ್ಕಿದುದು ಪೊಲೀಸರ ಶ್ರಮದಿಂದ. ಆದರೆ ಜನ ಬೆಟ್ಟಕ್ಕೆ ಮರಳಿದುದರಲ್ಲಿ ಆ ಕುಣಿತದ ಪಾಲಿತ್ತು. ಅದರಿಂದ ಹುಟ್ಟಿದ ಸಾಮೂಹಿಕ ನೃತ್ಯವನ್ನು ವರ್ಷಕ್ಕೊಮ್ಮೆ ಆಚರಿಸುವ ರೂಢಿ ಬೆಳೆದು ಹಲವು ದೇಶಗಳಿಗೆ ಹರಡಿತು.

ಎಂಬತ್ತರ ದಶಕದ ಕೊನೆಯಲ್ಲಿ ಏಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಹಿಂಡುತ್ತಿದ್ದಾಗ, ಮದ್ದಿಲ್ಲದ ಆ ಕಾಲದಲ್ಲಿ, ರೋಗಾಣು ತಗುಲಿದ ಗಂಡಸರ ಗುಂಪೊಂದನ್ನು ಅನ್ನಾ ಕಟ್ಟಿಕೊಂಡಳು. ಹೆಂಗಸರದೂ ಒಂದು ಗುಂಪಾಯಿತು. ಮುಟ್ಟಲು ಇತರರು ಅಂಜುತ್ತಿದ್ದವರನ್ನು ಆಕೆ ತಬ್ಬಿ ಕುಣಿಸಿದಳು. ಅವರಿಗೂ ಅದೇ ಪಾಠ: ಬರೆಯಿರಿ, ಕುಣಿಯಿರಿ, ಒಬ್ಬರಿಗೊಬ್ಬರು ಸಾಕ್ಷಿಯಾಗಿರಿ. ಅವರಲ್ಲಿ ಹಲವರು ಬದುಕಿ ಉಳಿಯಲಿಲ್ಲ. ಗುಣಹೊಂದುವುದು ಬೇರೆ, ರೋಗ ನೀಗುವುದು ಬೇರೆ ಎಂಬ ಆಕೆಯ ಮಾತಿಗೆ ಅಲ್ಲಿ ಬೆಲೆ ತೆರಬೇಕಾಗಿ ಬಂದಿತು.

೨೦೦೦ದಲ್ಲಿ ಲಾರೆನ್ಸ್ ತೀವ್ರ ಅಸ್ವಸ್ಥನಾಗಿ ಆಸ್ಪತ್ರೆಯ ತುರ್ತು ನಿಗಾ ವಿಭಾಗದಲ್ಲಿ ಮಲಗಿದ. ಗಂಡನ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಂಡುದನ್ನು ಎಂಬತ್ತರ ಮುದುಕಿ ಅದೇ ವರ್ಷ ನೃತ್ಯವಾಗಿ ರಂಗಕ್ಕೆ ತಂದಳು. ಮುಂದೆ ಪ್ಯಾರಿಸ್ಸಿನಲ್ಲಿಯೂ ಅದು ಪ್ರದರ್ಶಿತವಾಯಿತು. ಲಾರೆನ್ಸ್ ಚೇತರಿಸಿಕೊಂಡು ೨೦೦೯ರವರೆಗೆ ಬದುಕಿದ. ಅದೇ ವರ್ಷ ಆಕೆಯ ಜೀವನವನ್ನು ಕುರಿತ ಸಾಕ್ಷ್ಯಚಿತ್ರವೊಂದೂ ತೆರೆಕಂಡಿತು.

ಅದಕ್ಕೆ ನಾಲ್ಕು ವರ್ಷ ಮೊದಲು, ೨೦೦೫ರಲ್ಲಿ, ಸ್ಯಾನ್ ರಫೇಲ್ ಊರಿನ ವೃದ್ಧರನ್ನು ಕೂಡಿಸಿ ಆಕೆ ಬಯಲಿನಲ್ಲಿ ಒಂದು ನೃತ್ಯವನ್ನು ಏರ್ಪಡಿಸಿದ್ದಳು. ಎದ್ದು ನಿಲ್ಲಲಾರದವರು, ಊರುಗೋಲಿಲ್ಲದೆ ನಡೆಯಲಾರದವರು ಅವರಲ್ಲಿ ಬಹಳ. ಎಲ್ಲರನ್ನೂ ಸಾಲುಸಾಲಾಗಿ ತೂಗುಕುರ್ಚಿಗಳಲ್ಲಿ ಕುಳ್ಳಿರಿಸಿ, ಕುರ್ಚಿಯಲ್ಲಿ ತೂಗುವುದೇ ಕುಣಿತವೆಂದಳು. ಆಗ ಆಕೆಗೂ ಎಂಬತ್ತೈದು. ತೊಂಬತ್ತು ದಾಟಿದ ಮೇಲೂ ಜಗಲಿಯ ಮೇಲೆ ತರಗತಿಗಳು ನಡೆದವು. ೨೦೨೧ರ ಮೇ ೨೪ರಂದು, ನೂರು ತುಂಬಿ ಹತ್ತು ತಿಂಗಳಾಗಿದ್ದಾಗ, ಅನ್ನಾ ಹಾಲ್‌ಪ್ರಿನ್ ಕೆಂಟ್‌ಫೀಲ್ಡಿನ ತನ್ನ ಮನೆಯಲ್ಲಿ ತೀರಿಕೊಂಡಳು.